ಕಂಪ್ರೆಸರ್ ಶ್ರುತಿ

ಜನವರಿ 9, ಗುರುವಾರ. ಮಧ್ಯಾಹ್ನ

ಮೂರನೇ ಮಷೀನು ಮತ್ತೆ ಕುಣಿಯುತ್ತಿದೆ. ಒದ್ದೆ ಬೆಡ್‌ಶೀಟುಗಳು ಒಂದೇ ಕಡೆ ಗುಡ್ಡೆಯಾದರೆ ಹೀಗೇ — ನೆಲ ಬಿಟ್ಟೆದ್ದು ಬಾಗಿಲ ಕಡೆ ನಡೆದು ಬರುತ್ತದೆ. ನಿಲ್ಲಿಸಿ, ಕೈ ಹಾಕಿ ಬಿಡಿಸಿ, ಮತ್ತೆ ಆನ್. ಆಪರೇಷನ್ ಥಿಯೇಟರಿನ ಹಸಿರು ಬೇರೆ, ವಾರ್ಡಿನ ಬಿಳಿ ಬೇರೆ. ರಕ್ತಕ್ಕೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಕಲೆ ಅಲ್ಲೇ ಬೇರು ಬಿಡುತ್ತದೆ. ಇಷ್ಟು ಕಲಿಯಲು ಆಸ್ಪತ್ರೆಯ ಲಾಂಡ್ರಿಯಲ್ಲಿ ಅರ್ಧ ಆಯಸ್ಸು ಬೇಯಬೇಕಾಗಿರಲಿಲ್ಲ. ಆದರೂ ಬೆಂದಿದ್ದೇನೆ.

ಊಟದ ಹೊತ್ತಿಗೆ ಏಣಿಯ ಫೋನು. ಆರಡಿ ಸಾಲದೆ ಅದರ ಮೇಲೂ ಬೆಳೆದ ಈ ಪ್ರಾಣಿ ಗಿಟಾರನ್ನು ಗೋಡೆಗೆ ನೇತುಹಾಕಿ ಸೋಫಾ ಮಾರಲು ಕೂತು ಯಾವ ಕಾಲವಾಯಿತೋ.

"ಮ್ಯೂಸಿಕ್ ಕಂಪನಿಯವರು ಒಪ್ಪಿದ್ರು ಕಣೇ. ಆಲ್ಬಂ! ಪೂರ್ತಿ ಎಂಟು ಹಾಡು."

"ನಿನ್ನ ಸೋಫಾ ಯಾರು ಮಾರ್ತಾರೆ?"

"ಹೆಂಡ್ತಿ."

"ನನ್ನ ಬೆಡ್‌ಶೀಟು ಯಾರು ಒಗೀತಾರೆ? ಅವಳೇನಾ?"

"ಏಯ್, ಒಂದ್ಸಲನಾದ್ರೂ ಖುಷಿ ಪಡೇ. ಬ್ಯಾಂಡ್ ನಿಂತು ಹದಿನೆಂಟು ವರ್ಷ ಆಯ್ತು."

ಖುಷಿ. ಯಾರೋ ನಮ್ಮ ಹಳೆಯ ಕ್ಯಾಸೆಟ್ಟನ್ನು ಇಂಟರ್ನೆಟ್ಟಿಗೆ ಏರಿಸಿದರಂತೆ. ನಾವು ಬಾರಿಸುವಾಗ ಹುಟ್ಟಿಯೇ ಇರದ ಹುಡುಗರು ಈಗ ತಲೆ ಕೊಡವಿಕೊಂಡು ಕೇಳುತ್ತಿದ್ದಾರಂತೆ. ನಮ್ಮ ಬ್ಯಾಂಡಿನ ಬಗ್ಗೆ ಪೇಪರಿನಲ್ಲಿ ಬಂದದ್ದನ್ನೂ ಏಣಿ ಓದಿ ಹೇಳಿದ: 'ಮೂರನೇ ಪಾಳಿ — ಕಾರ್ಖಾನೆಯ ಶೆಡ್ಡಿನಿಂದ ಎದ್ದು ಬಂದ ಮೆಟಲ್ ಸಂಗೀತದ ದಂತಕಥೆ.' ದಂತಕಥೆ ಅಂತೆ! ಆ ಕಾರ್ಖಾನೆಗೆ ಬೀಗ ಜಡಿದಾಗ ಒಬ್ಬ ಪೇಪರಿನವನೂ ಇತ್ತ ತಲೆ ಹಾಕಲಿಲ್ಲ. ನನ್ನ ತಮ್ಮ ಅದರೊಳಗೆ ಸತ್ತಾಗ ಒಂದು ಸಾಲು ಬಂದಿತ್ತು. ಆ ಸಾಲಿನಲ್ಲೂ ಕಾರ್ಖಾನೆಯ ಹೆಸರಿರಲಿಲ್ಲ.

ಒಪ್ಪಿದೆ. ಸಿಟ್ಟಿಗೇ ಒಪ್ಪಿದೆ. ಅಷ್ಟೂ ವರ್ಷದ್ದು ಗಂಟಲಲ್ಲಿ ಹಾಗೇ ಕೂತಿದೆ. ಯಾವ ನೀರಿಗೂ ಹೋಗುವ ಕಲೆಯಲ್ಲ.

ಮಷೀನು ಮತ್ತೆ ಎದ್ದಿತು. ಹೋಗಬೇಕು.

ಜನವರಿ 12, ಭಾನುವಾರ

ಏಣಿಯ ಗೋಡೌನಿನಲ್ಲಿ ಮೊದಲ ಪ್ರಾಕ್ಟೀಸು. ಸುತ್ತ ಪ್ಲಾಸ್ಟಿಕ್ ಹೊದ್ದ ಸೋಫಾಗಳು, ಕರೆಯದೆ ಬಂದು ಗಪ್‌ಚಿಪ್ ಕೂತ ನೆಂಟರ ಹಾಗೆ.

ಟ್ರಂಕು ಬಂದ. ಚಿಕ್ಕಂದಿನಲ್ಲಿ ಅವರಮ್ಮನ ತಗಡಿನ ಟ್ರಂಕು ಬಡಿದು ಬಡಿದು ತಗ್ಗು ಮಾಡಿದವನು, ಆಮೇಲೆ ನಮ್ಮ ಡ್ರಮ್ಮರ್. ಈಗ ಸಿಟಿ ಬಸ್ಸಿನ ಡ್ರೈವರ್. ಕೂರುವಾಗಲೇ ಮುಲುಕಿದ.

"ದಿನಾ ಕ್ಲಚ್ ತುಳಿದೂ ತುಳಿದೂ ಎಡಗಾಲು ಹೋಗಿಬಿಟ್ಟಿದೆ ಕಣಕ್ಕ. ಬಲಗಾಲೊಂದೇ ನೆಟ್ಟಗಿರೋದು."

"ಎರಡು ಕಾಲಿನ ಡ್ರಮ್ಮು ಒಂದೇ ಕಾಲಲ್ಲಿ ಬಾರಿಸ್ತೀಯಾ?" ಏಣಿ ಕೇಳಿದ.

"ನೀನು ತಲೆ ಇಲ್ದೆ ಗಿಟಾರ್ ಬಾರಿಸಲ್ವಾ? ಹಾಗೇ."

ಏಣಿ ಫೋನನ್ನು ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ ಮೇಲಿಟ್ಟ. ತಂತಿ ಮೀಟಿದರೆ ಫೋನಿನ ಆಪಿನಲ್ಲೊಂದು ಮುಳ್ಳು ಆಡುತ್ತದೆ. ನಡುವೆ ನಿಂತು ಹಸಿರಾದರೆ ಶ್ರುತಿ ಸರಿ, ಪಕ್ಕಕ್ಕೆ ಹೋದರೆ ಕೆಂಪು. ಆಗೆಲ್ಲ ಎಲ್ಲರ ತಂತಿಯನ್ನೂ ತಮ್ಮನೇ ಬಿಗಿಯುತ್ತಿದ್ದ. ನಾವು ಬಾರಿಸುತ್ತಿದ್ದ ಶೆಡ್ಡಿನ ಗೋಡೆಯಾಚೆಗೆ ಕಾರ್ಖಾನೆಯ ಮಷೀನುಗಳಿಗೆ ಗಾಳಿ ಕೊಡುವ ಕಂಪ್ರೆಸರ್ ರೂಮು. ಆ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕಣ್ಣು ಮುಚ್ಚಿ ಕೂರುತ್ತಿದ್ದ. ಒಂದೊಂದೇ ಗಿಟಾರು ಅವನ ಮಡಿಲಿಗೆ ಹೋಗಿ ಬರುತ್ತಿತ್ತು. ಪಾಳಿ ಮುಗಿಸಿ ಬಂದವನು ನಿದ್ದೆ ಹೊಡೆಯುತ್ತಿದ್ದಾನೆ ಅಂತ ಟ್ರಂಕು ಡ್ರಮ್ಮಿನ ಕೋಲಿನಲ್ಲಿ ತಿವಿಯುತ್ತಿದ್ದ. ಈಗ ಫೋನಿದೆ. ಎಲ್ಲ ತಂತಿಗೂ ಹಸಿರು ದೀಪ.

ಮೊದಲ ಸಲ ಬಾರಿಸಿದ್ದು ಅಸಹ್ಯ. ಎರಡನೆಯದು ಅದಕ್ಕಿಂತ. ಮೂರನೆಯ ಸಲ ಟ್ರಂಕು ಹಲ್ಲು ಕಚ್ಚಿದ, ಏಣಿ ಸೋಫಾ ಮಾರುವ ಮುಖ ಬಿಚ್ಚಿಟ್ಟ, ನಾನು ಹೊಟ್ಟೆಯಿಂದ ಕಿರುಚಿದೆ. ಪಕ್ಕದ ಟೈಲ್ಸ್ ಅಂಗಡಿಯವರು ಓಡಿ ಬಂದರು. "ಯಾರ್ಗೇನಾಯ್ತು? ಆಂಬುಲೆನ್ಸ್ ಕರೀಬೇಕಾ?"

"ಏನಿಲ್ಲ ಸಾರ್, ಹಾಡು" ಅಂದ ಏಣಿ.

ಏಳು ಹಾಡಿಗೆ ತಮ್ಮನ ಪಾಲಿನ ತಗ್ಗುದನಿಯ ಬಾಸ್ ಗಿಟಾರನ್ನೂ ಏಣಿಯೇ ಬಾರಿಸುತ್ತಾನೆ. ಎಂಟನೆಯದು ತಮ್ಮನ ಹಾಡು. ಅದಕ್ಕೆ ಅವನೇ ಬಾರಿಸಿದ ಬಾಸ್ ಮನೆಯಲ್ಲಿರುವ ಬೇರೊಂದು ಕ್ಯಾಸೆಟ್ಟಿನಲ್ಲಿದೆ.

"ಅದನ್ನ ಯಾರೂ ಮುಟ್ಟೋ ಹಾಗಿಲ್ಲ" ಅಂದೆ.

"ಯಾರು ಮುಟ್ತಾರೆ ಬಿಡೇ" ಅಂದ ಏಣಿ.

ಜನವರಿ 20, ಸೋಮವಾರ

ಕ್ಯಾಸೆಟ್ಟು ಅಮ್ಮನ ಬೀರುವಿನಲ್ಲಿ. ಬೇರೆಲ್ಲೂ ಇಡಲು ಬಿಡುವುದಿಲ್ಲ. ಮನೆಯಲ್ಲಿ ಆಂಪ್ ಇರಲಿಲ್ಲವಲ್ಲ, ತಮ್ಮ ಬಾಸಿನ ತಲೆಯನ್ನು ಈ ಬೀರುವಿನ ಬಾಗಿಲಿಗೆ ಒತ್ತಿ ಹಿಡಿದು ಬಾರಿಸುತ್ತಿದ್ದ. ಇಡೀ ಬೀರು ಗುಂಯ್ ಅನ್ನುತ್ತಿತ್ತು. ಸೀರೆಗಳೆಲ್ಲ ಒಳಗೇ ನಡುಗುತ್ತವೆ ಅಂತ ಅಮ್ಮ ಬೈಯುತ್ತಿದ್ದಳು.

ಕೇಳಿದೆ. ಶುರುವಿಗೆ ಅವನ ದನಿ.

"ಅಕ್ಕಾ, ರೆಡಿನಾ?"

ಆಮೇಲೆ ನನ್ನದು. "ಬಾಯ್ ಮುಚ್ಕೊಂಡು ಬಾರ್ಸೋ."

ಅವನ ನಗು. ಆಮೇಲೆ ಬಾಸು. ಹೊಸ ರಾಗ, ಪದ ನೀನು ಬರಿ ಅಂತ ನನಗಾಗಿ ಮನೆಯಲ್ಲೇ ತುಂಬಿಸಿ ಕೊಟ್ಟದ್ದು. ಬರೆಯಲಿಲ್ಲ. ಅದೇ ವಾರ ಕಾರ್ಖಾನೆಯ ಕಬ್ಬಿಣ ಒತ್ತುವ ಪ್ರೆಸ್ಸು ಅವನ ಮೇಲೆ ಇಳಿಯಿತು. ಸಿಕ್ಕಿಕೊಂಡ ಕಬ್ಬಿಣ ತೆಗೆಯಲು ಬಗ್ಗಿದ್ದ. ಮೈ ಒಳಗೆ ಹೋಗದಂತೆ ತಡೆಯುವ ಗಾರ್ಡನ್ನು ಮೇಲಿನವರೇ ಬಿಚ್ಚಿಸಿದ್ದರು. ಗಾರ್ಡಿದ್ದರೆ ಕೆಲಸ ನಿಧಾನವಂತೆ. ತನಿಖೆ ಮಾಡಿದವರು ಅದನ್ನು ಕಾಣಲಿಲ್ಲ. ವರದಿಯಲ್ಲಿ ಬರೆದದ್ದು ಎರಡೇ ಪದ: ಆಪರೇಟರನ ತಪ್ಪು.

ಸತ್ತವನ ಮೇಲೆ ತಪ್ಪು ಹೊರಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಅವನು ಎದ್ದು ಬಂದು ಅಪೀಲು ಹಾಕುವುದಿಲ್ಲ.

ಪದ ಈಗ ಬರೆದೆ. ಹಾಡಿನ ಹೆಸರು 'ವರದಿ'.

ಕಬ್ಬಿಣ ನುಂಗಿತು ಮೈಯನು
ಕಾಗದ ನುಂಗಿತು ಮಾತನು
ಯಾರದು ತಪ್ಪು? ಕೂಗಿ ಹೇಳು — ಯಾರದು ತಪ್ಪು?

ಅಮ್ಮ ಕ್ಯಾಸೆಟ್ಟನ್ನು ಕೈಗೆ ಕೊಟ್ಟಳು, ಆದರೆ ಬೆರಳು ಬಿಡಲಿಲ್ಲ.

"ಅವನನ್ನ ಕರ್ಕೊಂಡು ಹೋಗ್ತಿದೀಯ. ಹಾಗೇ ವಾಪಸ್ ಕರ್ಕೊಂಡು ಬಾ."

"ಕ್ಯಾಸೆಟ್ಟಮ್ಮಾ ಇದು."

"ಗೊತ್ತು ಕಣೇ. ನಾನೇನು ಮಂಕಾ?"

ಫೆಬ್ರವರಿ 3, ಸೋಮವಾರ

ರಜೆ ಹಾಕಿ ಸ್ಟುಡಿಯೋಗೆ. ಗೋಡೆಗೆಲ್ಲ ಕಪ್ಪು ಸ್ಪಂಜು. ಒಳಗೆ ಮಾತಾಡಿದರೆ ಮಾತು ಬಾಯಿಂದ ಹೊರಬಿದ್ದ ತಕ್ಷಣ ಸತ್ತುಬೀಳುತ್ತದೆ. ರೆಕಾರ್ಡಿಂಗ್ ಇಂಜಿನಿಯರು ಮೂವತ್ತರೊಳಗಿನವನು. ಏನು ಬಾರಿಸಿದರೂ ಕಂಪ್ಯೂಟರಿನಲ್ಲಿ ತುಂಡು ಮಾಡಿ ಗೆರೆಗೆ ಕೂರಿಸುತ್ತಾನೆ. ಟ್ರಂಕು ಆಗಲೇ ಹೆಸರಿಟ್ಟ: ಕತ್ತರಿ.

"ಮೇಡಂ, ವಾಯ್ಸ್ ಸೂಪರ್. ಆದ್ರೆ ಸಿಟ್ಟು ಸ್ವಲ್ಪ ಕಂಟ್ರೋಲ್ ಮಾಡಿದ್ರೆ..."

"ಎಷ್ಟು? ಒಂದು ಚಮಚ?"

"ಅಲ್ಲ, ಫೀಲ್ ಇರ್ಲಿ. ಆದ್ರೆ ನೀಟಾಗಿ."

ನೀಟಾಗಿ ಸಿಟ್ಟು ಮಾಡಿಕೊಳ್ಳಬೇಕಂತೆ. ಇಸ್ತ್ರಿ ಹಾಕಿ ಮಡಚಿ ಕೊಡುತ್ತೇನೆ, ತಗೋ.

ಸಂಜೆಯ ಹೊತ್ತಿಗೆ 'ವರದಿ'. ಏಣಿಯ ಗಿಟಾರು ಮೊದಲು, ಅದರ ಕೆಳಗೆ ತಮ್ಮನ ಕ್ಯಾಸೆಟ್ಟು. ಕತ್ತರಿ ಪ್ಲೇ ಮಾಡಿದ. ಎರಡೂ ಒಂದರೊಳಗೊಂದು ಕೂರುವುದೇ ಇಲ್ಲ. ಅಳತೆ ತಪ್ಪಿದ ಬಾಗಿಲು ಚೌಕಟ್ಟಿಗೆ ಉಜ್ಜುವ ಹಾಗೆ.

ಕತ್ತರಿ ಪರದೆ ನೋಡಿದ. "ಗಿಟಾರ್ ಕರೆಕ್ಟಾಗಿದೆ. ಬಾಸ್ ತಪ್ಪು. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ, ಎರಡು ಸ್ವರದ ಮಧ್ಯೆ ಸಿಕ್ಕಾಕೊಂಡಿದೆ. ಬಾರಿಸಿದವರು ಟ್ಯೂನ್ ಮಾಡ್ಕೊಂಡಿಲ್ಲ. ಅವರದ್ದೇ ಮಿಸ್ಟೇಕ್."

ಅವರದ್ದೇ ಮಿಸ್ಟೇಕ್. ಎದ್ದು ನಿಂತೆ. ಕೈ ಹಿಡಿದು ಕೂರಿಸಿದವನು ಏಣಿ.

"ಟೇಪ್ ಹಳೇದಲ್ವಾ, ಎಳ್ಕೊಂಡಿರುತ್ತೆ. ಅವನು ಸರಿಯಾಗೇ ಬಾರ್ಸಿರ್ತಾನೆ. ಇವರು ಮೆಷೀನಲ್ಲಿ ಸರಿ ಮಾಡ್ತಾರೆ ಬಿಡು."

ಟೇಪು ಎಳೆದುಕೊಂಡಿರಬಹುದು. ಹೌದು. ಹಾಗೇ ಇರಬೇಕು. ಕಾಪಿ ತೆಗೆದುಕೊಂಡು ಕ್ಯಾಸೆಟ್ಟು ವಾಪಸ್ ಕೊಟ್ಟರು.

ಫೆಬ್ರವರಿ 4, ಮಂಗಳವಾರ

ಇಡೀ ದಿನ ಮಷೀನುಗಳೆಲ್ಲ ಅದನ್ನೇ ಹೇಳುತ್ತಿದ್ದವು. ಅವರದ್ದೇ ತಪ್ಪು, ಅವರದ್ದೇ ತಪ್ಪು. ಗುಂಡಿ ಕಿತ್ತುಬರುವ ಹಾಗೆ ಒತ್ತಿದೆ. ಮೇಲ್ವಿಚಾರಕಿ ಬೈದಳು. ಬೈಸಿಕೊಂಡೆ.

ಮಾರ್ಚ್ 2, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಗಂಟಲು ಬಿದ್ದುಹೋಗಿತ್ತು, ಅದರ ಜೊತೆ ಕೈಯೂ.

ಬೆಳಿಗ್ಗೆ ಎಂಟೂ ಹಾಡು ಫೋನಿಗೆ ಬಂದವು. ರೆಡಿ ಅಂತೆ. ಅಮ್ಮನಿಗೆ 'ವರದಿ' ಹಾಕಿದೆ. ನನ್ನ ಹಾಡೆಂದರೆ ಅವಳಿಗೆ ಕುಕ್ಕರಿನ ಸೀಟಿ ಕಚ್ಚಿಕೊಂಡ ಹಾಗೆ — ಎದ್ದು ಹೋಗಿ ಆರಿಸಬೇಕು ಅನ್ನಿಸುತ್ತದಂತೆ. ಆದರೂ ಕೂತಳು. ಪುಟ್ಟ ಸ್ಪೀಕರನ್ನು ಬೀರುವಿನ ಮೇಲೆ ಇಡಿಸಿದಳು. ಬಾಗಿಲಿಗೆ ಅಂಗೈ ಒತ್ತಿ ಹಿಡಿದು ಕೇಳಿದಳು. ಮುಗಿದ ಮೇಲೂ ಕೈ ತೆಗೆಯಲಿಲ್ಲ.

"ಇದು ಯಾರು ಬಾರಿಸಿದ್ದು?"

"ಅವನೇ ಅಮ್ಮ. ಟೇಪು ಸರಿ ಮಾಡಿದಾರೆ."

"ಸರಿ ಮಾಡಿದ್ರೆ ಅವನಿರಬೇಕಿತ್ತಲ್ಲ. ಇದ್ರಲ್ಲಿ ಯಾರೂ ಇಲ್ಲ."

"ಹಾಗಂದ್ರೆ?"

"ಅವನು ಕೊನೇಲಿ ಎಳೀತಿದ್ದ ಕಣೇ. ಬಾಗಿಲು ಮುಚ್ಚೋಕೆ ಮನಸ್ಸಿಲ್ದಿರೋ ಹಾಗೆ. ಇವನು ಯಾವನೋ ಟಪ್ ಅಂತ ಮುಚ್ತಾನೆ." ಕೈ ಕೊಡವಿಕೊಂಡು ಎದ್ದಳು. "ಕರ್ಕೊಂಡು ಹೋದವನನ್ನ ಹಾಗೇ ವಾಪಸ್ ಕರ್ಕೊಂಡು ಬಾ ಅಂದಿದ್ದೆ. ಯಾರನ್ನ ತಂದಿದೀಯ ನೀನು?"

ಮಧ್ಯಾಹ್ನ ಊಟ ಮಾಡಲಿಲ್ಲ, ಇಬ್ಬರೂ.

ಮಾರ್ಚ್ 3, ಸೋಮವಾರ

ಸಿಕ್ಕಿತು. ಬರೆದಿಡುತ್ತೇನೆ.

ಕ್ಯಾಸೆಟ್ಟನ್ನು ಲಾಂಡ್ರಿಗೆ ಒಯ್ದಿದ್ದೆ. ಇಸ್ತ್ರಿಯ ವಿಭಾಗದವಳ ಹತ್ತಿರ ಹಳೆಯ ಟೇಪ್ ರೆಕಾರ್ಡರಿದೆ. ಟೀ ವೇಳೆಗೆ ಮಷೀನುಗಳೆಲ್ಲ ನಿಂತಿದ್ದವು. ಹಾಕಿದೆ. ಬಾಸು ಒಂಟಿಯಾಗಿ ಓಡುತ್ತಿತ್ತು. ಇಸ್ತ್ರಿಯವಳು ಗಲ್ಲಕ್ಕೆ ಕೈ ಕೊಟ್ಟಳು. "ಇದೇನೇ, ಒಬ್ಬನೇ ಗೊಣಗ್ತಿದಾನೆ?"

ಆಗ ಅವಳ ಕಂಪ್ರೆಸರ್ ಆನ್ ಆಯಿತು. ದೊಡ್ಡ ಇಸ್ತ್ರಿ ಪ್ರೆಸ್ಸಿಗೆ ಗಾಳಿ ಕೊಡುವುದು, ಗೋಡೆಯಾಚೆ ಇದೆ. ಗುಂಯ್ಯ್...

ತಮ್ಮ ಒಂಟಿಯಾಗಿರಲಿಲ್ಲ. ಆ ಗುಂಯ್ ಒಳಗೆ ಬಾಸು ಸರಕ್ಕನೆ ಹೋಗಿ ಕೂತಿತು. ಎರಡು ದನಿ ಇದ್ದದ್ದು ಒಂದಾಯಿತು. ಇಸ್ತ್ರಿಯವಳು ತೋಳು ಉಜ್ಜಿಕೊಂಡಳು. "ಅಯ್ಯೋ, ನೋಡೇ, ಮೈ ಜುಮ್ ಅಂತು!"

ಓಡಿ ಹೋಗಿ ಆ ಗೋಡೆಗೆ ಬೆನ್ನು ಕೊಟ್ಟು ಕೂತೆ. ಕಾಲು ಚಾಚಿ, ಕಣ್ಣು ಮುಚ್ಚಿ. ಗುಂಯ್ ಅನ್ನುವುದು ಬೆನ್ನಿನ ಮೂಳೆಯೊಳಗೆ ಇಳಿಯಿತು. ಅವನು ನಿದ್ದೆ ಮಾಡುತ್ತಿರಲಿಲ್ಲ! ಬೆನ್ನಿನಲ್ಲಿ ಶ್ರುತಿ ಹಿಡಿಯುತ್ತಿದ್ದ. ಆ ಶೆಡ್ಡಿನಲ್ಲಿ ಹಗಲೂ ರಾತ್ರಿ ಕಂಪ್ರೆಸರ್ ಗುಂಯ್‌ಗುಡುತ್ತಿತ್ತು. ಬೇರೆ ಶ್ರುತಿ ಹಿಡಿದಿದ್ದರೆ ಅದಕ್ಕೂ ನಮಗೂ ಜಗಳ ಹತ್ತಿ ಹಲ್ಲು ಕಡಿಯಬೇಕಾಗುತ್ತಿತ್ತು. ಅದಕ್ಕೇ ಅವನು ಇಡೀ ಬ್ಯಾಂಡನ್ನೇ ಕಂಪ್ರೆಸರಿಗೆ ಕೂರಿಸಿದ್ದ. ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗಿಟಾರು ಅವನ ಮಡಿಲಿಗೆ ಹೋಗುತ್ತಿತ್ತು, ಬರುತ್ತಿತ್ತು. ಈ ಟೇಪು ತುಂಬಿಸಿದ್ದು ಮನೆಯಲ್ಲಿ, ಬಾಸು ಮಾತ್ರ ಶೆಡ್ಡಿನ ಶ್ರುತಿಯಲ್ಲೇ ಇತ್ತು.

ಇಸ್ತ್ರಿಯವಳ ಫೋನಿಗೆ ಆ ಮುಳ್ಳಿನ ಆಪ್ ಹಾಕಿಸಿದೆ. ಟೇಪಿನ ಬಾಸಿಗೆ ಮುಳ್ಳು ಎರಡು ಸ್ವರದ ನಡುವಿನ ಸಂದಿಯಲ್ಲಿ ನಿಂತಿತು. ಕೆಂಪು. ಟೇಪು ನಿಲ್ಲಿಸಿ ಬರೀ ಕಂಪ್ರೆಸರಿಗೆ ಹಿಡಿದೆ. ಅದೇ ಸಂದಿ, ಅದೇ ಕೆಂಪು. ಕಾರ್ಖಾನೆಯಲ್ಲೂ ಇದೇ ಕರೆಂಟು, ಇಲ್ಲೂ ಇದೇ ಕರೆಂಟು. ಎರಡೂ ಆ ಕರೆಂಟಿನ ಮಿಡಿತಕ್ಕೆ ಒಂದೇ ಸ್ವರದಲ್ಲಿ ಗೊಣಗುತ್ತವೆ.

ಟೇಪು ಎಳೆದುಕೊಂಡಿಲ್ಲ. ಅವನು ತಪ್ಪಿಲ್ಲ. ತಪ್ಪಿದವರು ನಾವು, ಫೋನಿನ ಹಸಿರು ದೀಪ ನಂಬಿದವರು.

ಇನ್ನೊಂದನ್ನೂ ಬರೆಯಬೇಕು. ಕಾರ್ಖಾನೆಯ ಆ ಕಂಪ್ರೆಸರಿನ ಗಾಳಿಯೇ ಆ ಪ್ರೆಸ್ಸನ್ನೂ ಓಡಿಸುತ್ತಿತ್ತು. ಅವನಿಗೆ ಶ್ರುತಿ ಕೊಟ್ಟದ್ದೂ ಅದೇ, ಅವನ ಮೇಲೆ ಇಳಿದದ್ದೂ ಅದೇ. ಇದನ್ನು ಯಾವ ಗೆರೆಗೆ ಕೂರಿಸುತ್ತೀಯೋ ಕತ್ತರಿ?

ಮಾರ್ಚ್ 4, ಮಂಗಳವಾರ

ಕೆಲಸ ಮುಗಿಸಿ ನೇರ ಸೋಫಾ ಅಂಗಡಿಗೆ. ಒಬ್ಬ ಗಂಡ, ಒಬ್ಬಳು ಹೆಂಡತಿ ಮೂರು ಸೀಟಿನದರ ಮೇಲೆ ಕುಪ್ಪಳಿಸಿ ನೋಡುತ್ತಿದ್ದರು. ಏಣಿ ಕೈ ಕಟ್ಟಿಕೊಂಡು ನಗುತ್ತಾ ನಿಂತಿದ್ದ. ನನ್ನ ಮುಖ ನೋಡಿ ನಗು ಮಡಚಿದ.

"ನನ್ನ ತಮ್ಮನ ಬಾಸನ್ನ ಏನು ಮಾಡಿದ್ರಿ?"

"ಆಮೇಲೆ ಮಾತಾಡೋಣ. ಕಸ್ಟಮರ್ಸು—"

"ಈಗಲೇ. ಎಳೆದ್ರಾ, ಕುಯ್ದ್ರಾ, ಏನು ಮಾಡಿದ್ರಿ?"

ನೆಲ ನೋಡಿದ. ಅಷ್ಟು ಉದ್ದದವನು ನೆಲ ನೋಡಿದರೆ ಮುರಿದ ಬೀದಿ ದೀಪದ ಕಂಬ.

"ಎಳೆದು ನೋಡಿದ್ರು. ಸೌಂಡ್ ಗೊರಗೊರ ಆಗ್ತಿತ್ತು. ಅದಕ್ಕೆ... ನಾನೇ ಬಾರ್ಸಿಬಿಟ್ಟೆ ಕಣೇ. ಅವನು ಬಾರಿಸಿದ್ದನ್ನೇ. ಒಂದು ಸ್ವರಾನೂ ಬದಲಾಯ್ಸಿಲ್ಲ."

ಕಿವಿಯಲ್ಲಿ ಸ್ಟೀಮ್ ತುಂಬಿತು.

"ಕವರ್ ಮೇಲೆ ಯಾರ ಹೆಸರು ಬರುತ್ತೆ?"

"ಅವನದ್ದೇ. ಅವನ ಹೆಸರು ಉಳೀಲಿ ಅಂತ ತಾನೇ ಇಷ್ಟೆಲ್ಲಾ—"

"ಹೆಸರು ಅವನದ್ದು, ಕೈ ನಿಂದು. ಇದಕ್ಕೆ ಉಳಿಸೋದು ಅಂತಾರೇನೋ? ನನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ಹಿಂಗೇ ಆಡ್ತಿದ್ದೆ. ಆಲ್ಬಂ ನಿಂತುಹೋಗ್ತಿತ್ತು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೇ. ಯಾರಿಗೆ ಗೊತ್ತಾಗುತ್ತೆ?"

"ನಮ್ಮಮ್ಮನಿಗೆ ಗೊತ್ತಾಯ್ತು! ಬೀರು ಮುಟ್ಟಿ ನೋಡಿ ಹೇಳಿದ್ಲು, ಇದ್ರಲ್ಲಿ ಯಾರೂ ಇಲ್ಲ ಅಂತ."

ಗಂಡ ಹೆಂಡತಿ ಕುಪ್ಪಳಿಸುವುದು ನಿಲ್ಲಿಸಿದ್ದರು.

"ವರದಿ ಬಂದಾಗಲೂ ಹಿಂಗೇ ಅಂದಿದ್ದೆ ನೀನು. ಆಪರೇಟರನ ತಪ್ಪು ಅಂತ ಬರ್ಕೊಳ್ಲಿ ಬಿಡೇ, ಅಡ್ಜಸ್ಟ್ ಮಾಡ್ಕೊ ಅಂತ. ಆಗ ಅವನ ತಪ್ಪು ಅಂದ್ರು, ಈಗಲೂ ಅವನ ತಪ್ಪು ಅಂದ್ರು. ಎರಡು ಸಲಾನೂ ಅವನನ್ನ ಎತ್ತಿ ಪಕ್ಕಕ್ಕಿಟ್ಟು ಕೆಲ್ಸ ಮುಂದುವರ್ಸಿದ್ರಿ. ಪ್ರೆಸ್ಸಿನ ಮುಂದೆ ಮಾರನೇ ದಿನಾನೇ ಇನ್ನೊಬ್ಬನ್ನ ನಿಲ್ಸಿದ್ರಲ್ಲ, ಹಂಗೇ ನೀನೂ ಹೋಗಿ ನಿಂತೆ!"

ಕಂಪ್ರೆಸರಿನ ವಿಷಯ ಹೇಳಿದೆ. ಗೋಡೆ, ಬೆನ್ನು, ಮುಳ್ಳು. ಏಣಿ ಏನನ್ನುತ್ತಾನೋ ಅಂತ ಕಾಯುವ ವ್ಯವಧಾನ ನನಗಿರಲಿಲ್ಲ.

ಹೊರಡುವಾಗ ಆ ಹೆಂಗಸು ಮೆಲ್ಲಗೆ ಗಂಡನಿಗೆ ಹೇಳಿದ್ದು ಕೇಳಿಸಿತು. "ಬೇಡ ಬನ್ನಿ, ಬೇರೆ ಅಂಗಡಿ ನೋಡೋಣ." ಸಂತೋಷವಾಯಿತು. ಸುಳ್ಳೇಕೆ ಹೇಳಲಿ.

ಮಾರ್ಚ್ 7, ಶುಕ್ರವಾರ

ಕಂಪನಿಯ ಆಫೀಸು. ಎಲ್ಲ ಗಾಜು. ಒಳಗೆ ಏನೂ ಮುಚ್ಚಿಟ್ಟಿಲ್ಲ ಅಂತ ತೋರಿಸಿಕೊಳ್ಳುವವರೇ ಇಂಥ ಗೋಡೆ ಕಟ್ಟಿಸುವುದು.

ಆಲ್ಬಂ ನೋಡಿಕೊಳ್ಳುವ ಮ್ಯಾನೇಜರಮ್ಮ ಕವರ್ ತೋರಿಸಿದಳು. ತಮ್ಮನ ಫೋಟೋ ಅರ್ಧ ಕವರು. ಕೆಳಗೆ 'ಅವನ ಕೊನೆಯ ಬಾಸ್'.

"ಜನ ಅಳ್ತಾರೆ ಮೇಡಂ. ತುಂಬಾ ಎಮೋಷನಲ್ ಸ್ಟೋರಿ."

"ಇದರಲ್ಲಿ ಅವನು ಬಾರಿಸಿಲ್ಲ."

"ಗೊತ್ತು. ಬಟ್ ಕೇಳೋರಿಗೆ ಕ್ವಾಲಿಟಿ ಮುಖ್ಯ. ಒರಿಜಿನಲ್‌ನಲ್ಲಿ ಮಿಸ್ಟೇಕ್ ಇತ್ತಲ್ವಾ?"

ಗೊತ್ತಂತೆ! ಗೊತ್ತಿದ್ದೂ ಈ ಫೋಟೋ. ಮೇಜಿನ ಮೇಲೆ ಕೈ ಬಡಿದೆ. ಗಾಜು. ನೋವಾಯಿತು, ತೋರಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಟ್ರಂಕು ಬಂದ, ಯೂನಿಫಾರಂನಲ್ಲೇ. ಕೂರಲಿಲ್ಲ.

"ಡಿಪೋದಲ್ಲಿ ಬಸ್ ಬಿಟ್ಟು ಬಂದಿದೀನಿ, ಬೇಗ ಮುಗಿಸೋಣ. ಸತ್ತವನ ಫೋಟೋ ತೋರ್ಸಿ ಬದುಕಿರೋನ ಕೈ ಮಾರ್ತಿದೀರಾ. ನಮ್ಮ ಬಸ್ಸಿನ ಬೋರ್ಡಲ್ಲಿ ಒಂದು ಊರು ಹಾಕಿ ಇನ್ನೊಂದು ಊರಿಗೆ ಹೊಡೆದ್ರೆ ಪ್ಯಾಸೆಂಜರು ನನ್ನನ್ನ ಕೆಳಗಿಳ್ಸಿ ಹೊಡೀತಾರೆ."

ಮ್ಯಾನೇಜರಮ್ಮನ ನಗು ತೆಳ್ಳಗಾಯಿತು. ಸ್ಟುಡಿಯೋ ಖಾಲಿ ಇಲ್ಲ. ಬಿಡುಗಡೆಯ ದಿನ ಬದಲಾಗುವುದಿಲ್ಲ. ಹದಿನೇಳನೇ ತಾರೀಕಿನೊಳಗೆ ಬೇರೆ ರೆಕಾರ್ಡಿಂಗ್ ತಂದುಕೊಟ್ಟರೆ ನೋಡೋಣ, ಇಲ್ಲದಿದ್ದರೆ ಇದೇ ಹೋಗುತ್ತದೆ. ಒಪ್ಪಂದಕ್ಕೆ ಸಹಿ ಹಾಕಿದ್ದೀರಿ.

"ಇದೇ ಹೋಗ್ಲಿ. ನೀವು ಹತ್ತಿಸೋ ಪ್ರತಿ ಸ್ಟೇಜ್ ಮೇಲೂ ಈ ಹಾಡು ಸುಳ್ಳು ಅಂತ ಕಿರುಚ್ತೀನಿ. ನನಗೆ ಬರೋದು ಅದೊಂದೇ ಕೆಲ್ಸ."

ಮೆಟ್ಟಿಲಿಳಿಯುವಾಗ ಟ್ರಂಕು ಕೇಳಿದ. "ಸ್ಟುಡಿಯೋ ಇಲ್ದೆ ಎಲ್ಲಿ ರೆಕಾರ್ಡ್ ಮಾಡ್ತೀಯಕ್ಕ?"

"ಕಂಪ್ರೆಸರ್ ಎಲ್ಲಿದ್ಯೋ ಅಲ್ಲಿ."

ಮಾರ್ಚ್ 12, ಬುಧವಾರ

ಮೇಲ್ವಿಚಾರಕಿಯನ್ನು ಕೇಳಿದೆ. ಭಾನುವಾರ ಮಧ್ಯಾಹ್ನದ ಮೇಲೆ ಲಾಂಡ್ರಿ ಖಾಲಿ. ಕನ್ನಡಕದ ಮೇಲಿಂದ ನೋಡಿದಳು.

"ನಿನ್ನ ಕಿರುಚಾಟಕ್ಕೆ ಪೇಷಂಟುಗಳು ಎದ್ದು ಓಡಿಹೋದ್ರೆ?"

"ವಾಸಿಯಾದ್ರು ಅಂತ ಬರ್ಕೊಳ್ಳಿ."

"ಒಗೆದ ಶೀಟ್ ಮೇಲೆ ಯಾರಾದ್ರೂ ಕೂತ್ರೆ ಕಾಲು ಮುರೀತೀನಿ." ಅದೇ ಒಪ್ಪಿಗೆ.

ಕತ್ತರಿಗೆ ಫೋನ್ ಮಾಡಿದೆ, ಬೈಯಲು ತಯಾರಾಗಿಯೇ. ಮುಳ್ಳಿನ ಕಥೆ ಕೇಳಿ ಅವನೇ ಹೇಳಿದ: "ಪರದೆಯಲ್ಲಿ ಏನಿತ್ತೋ ಅದನ್ನ ಹೇಳ್ದೆ ಮೇಡಂ. ಪರದೆ ಹಿಂದೆ ಏನಿದೆ ಅಂತ ಕೇಳ್ಲಿಲ್ಲ." ಲ್ಯಾಪ್‌ಟಾಪೂ ಮೈಕೂ ತರುತ್ತಾನಂತೆ. ಕಂಪನಿಗೆ ಹೇಳುವುದಿಲ್ಲವಂತೆ. "ಆದ್ರೆ ಆ ಹಮ್ಮಿಂಗ್ ಸೌಂಡು ಎಲ್ಲದ್ರಲ್ಲೂ ಬರುತ್ತೆ, ತೆಗೆಯೋಕಾಗಲ್ಲ."

"ತೆಗೆದ್ರೆ ನಿನ್ನ ಕೈ ಕತ್ತರಿಸ್ತೀನಿ."

ಸಂಜೆ ಗೇಟಿನ ಹತ್ತಿರ ಏಣಿ. ಹೆಗಲಿಗೆ ಗಿಟಾರು. ಮಾತಾಡಿಸಲಿಲ್ಲ. ಒಳಗೆ ಬಿಟ್ಟೆ, ಅಷ್ಟೇ. ಇಸ್ತ್ರಿಯವಳು ಕಂಪ್ರೆಸರ್ ಹಾಕಿದಳು. ಆ ಉದ್ದ ಕಾಲನ್ನು ಮಡಚಲಾರದೆ ಮಡಚಿ ಗೋಡೆಗೆ ಬೆನ್ನು ಕೊಟ್ಟು ಕೂತ. ಫೋನು ತೆಗೆಯಲಿಲ್ಲ. ತಂತಿ ಬಿಗಿದ, ಸಡಿಲಿಸಿದ, ಬಿಗಿದ. ಸಿಗಲಿಲ್ಲ. ಬೈದುಕೊಂಡ. ಮತ್ತೆ ಬಿಗಿದ. ಇ‌ಸ್ತ್ರಿಯವಳು ಒಂದು ಬುಟ್ಟಿ ದಿಂಬಿನ ಕವರು ಮುಗಿಸುವಷ್ಟು ಹೊತ್ತು.

"ಅವನಿಗೆ ಒಂದೇ ಸಲಕ್ಕೆ ಸಿಗ್ತಿತ್ತಲ್ಲೇ?" ಅಂದ ಕೊನೆಗೆ.

"ಅವನು ದಿನಾ ಪ್ರೆಸ್ಸಿನ ಮುಂದೆ ನಿಲ್ತಿದ್ದ. ನೀನು ಕಾರ್ಖಾನೆ ಸ್ಟೋರಲ್ಲಿ ಕೂರ್ತಿದ್ದೆ."

ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿದ. ಆಮೇಲೆ ತಂತಿ ಹೋಗಿ ಕೂತಿತು. ಇಸ್ತ್ರಿಯವಳೇ ಮೊದಲು ತೋಳು ಉಜ್ಜಿಕೊಂಡದ್ದು. ಏಣಿಯ ಕಣ್ಣು ಕೆಂಪಾಗಿತ್ತು.

ಕ್ಷಮಿಸಿಲ್ಲ. ಇದನ್ನು ಬರೆದಿಟ್ಟಿರುತ್ತೇನೆ, ಮುಂದೆ ನಾನೇ ಮರೆತು ಮೆತ್ತಗಾಗಬಾರದು. ಕ್ಷಮಿಸಿಲ್ಲ. ಭಾನುವಾರ ಬಾ ಅಂದಿದ್ದೇನೆ, ಅಷ್ಟೇ.

ಮಾರ್ಚ್ 16, ಭಾನುವಾರ. ಮಧ್ಯಾಹ್ನ, ಲಾಂಡ್ರಿ

ತಳ್ಳುಗಾಡಿಯ ಮೇಲೆ ಕೂತು ಬರೆಯುತ್ತಿದ್ದೇನೆ. ವೈರು ಎಳೆಯುತ್ತಿದ್ದಾರೆ.

ಟ್ರಂಕು ಡ್ರಮ್ಮುಗಳನ್ನು ಮಷೀನುಗಳ ಸಾಲಿನಲ್ಲಿ ಜೋಡಿಸಿದ್ದಾನೆ. ಮೂರನೇ ಮಷೀನು, ಆ ಕುಣಿಯುವುದು, ಅವನ ಪಕ್ಕಕ್ಕೇ. "ಎಡಗಾಲಿನ ಕೆಲಸ ಇದಕ್ಕೇ ಕೊಡ್ತೀನಿ" ಅನ್ನುತ್ತಿದ್ದಾನೆ. ಮೇಲ್ವಿಚಾರಕಿಗೆ ಇವತ್ತು ರಜೆ, ಆದರೂ ಬಂದಿದ್ದಾಳೆ, ಶೀಟು ಕಾಯಲು. ಇಸ್ತ್ರಿಯವಳ ಕೈ ಕಂಪ್ರೆಸರಿನ ಸ್ವಿಚ್ಚಿನ ಮೇಲೆ.

ಅಮ್ಮನೂ ಬಂದಿದ್ದಾಳೆ. ಬೇಡ ಅಂದರೂ. ಕುರ್ಚಿ ಕೊಟ್ಟರೆ ಒಯ್ದು ಕಂಪ್ರೆಸರಿನ ಗೋಡೆಗೆ ತಾಗಿಸಿ ಹಾಕಿಕೊಂಡಳು. ಏಣಿ ಹೋಗಿ ಅವಳ ಮುಂದೆ ನಿಂತ, ಏನೋ ಹೇಳಲು. ಅವಳು ಮುಖವೆತ್ತಲಿಲ್ಲ.

"ಬಾರ್ಸಪ್ಪ ಮೊದ್ಲು. ಆಮೇಲೆ ಮಾತು."

ಗಂಟಲು ಇನ್ನೂ ಪೂರ್ತಿ ಬಂದಿಲ್ಲ. ಮೂರು ಸಲ ಕಿರುಚಿದರೆ ನಾಲ್ಕನೆಯದಕ್ಕೆ ಇರುವುದಿಲ್ಲ. ಬೇಕಾಗಿರುವುದು ಒಂದೇ.

ಕತ್ತರಿ ಬಂದು ಪಕ್ಕದಲ್ಲಿ ಕೂತ. ಕೂತದ್ದು ಒಗೆದ ಶೀಟಿನ ಮೇಲೆ. ಮೇಲ್ವಿಚಾರಕಿ ಕೂಗಿದಳು, ಎದ್ದ. ನಿಂತೇ ಹೇಳಿದ: ಹಿಂದಿನ ಸಲ ಟೇಪಿನ ಶುರುವಿನ ಮಾತುಗಳನ್ನು ಕತ್ತರಿಸಿ ಹಾಕಿದ್ದನಂತೆ. ಈ ಸಲ ವಾಪಸ್ ಇಟ್ಟಿದ್ದಾನೆ. ತಮ್ಮನ ದನಿ ಮಾತ್ರ. ನನ್ನದು ಬಿಟ್ಟಿದ್ದಾನೆ.

"ಯಾಕೆ?"

"ನೀವು ಇಲ್ಲೇ ಇದೀರಲ್ಲ ಅಕ್ಕ."

ಮೊದಲ ಸಲ ಅಕ್ಕ ಅಂದ.

ಸ್ವಿಚ್ಚು ಬಿತ್ತು. ಗುಂಯ್. ನೆಲ, ತಳ್ಳುಗಾಡಿ, ಈ ಪೆನ್ನು, ಎಲ್ಲ ಅದೇ ಶ್ರುತಿ. ಅಮ್ಮ ಗೋಡೆಗೆ ಬೆನ್ನು ಕೊಟ್ಟಳು. ಕಣ್ಣು ಮುಚ್ಚಿದಳು. ಅವನು ಕೂರುತ್ತಿದ್ದ ಹಾಗೇ.

ಏಣಿ ನನ್ನ ಕಡೆ ನೋಡುತ್ತಿದ್ದಾನೆ. ಟ್ರಂಕು ಕೋಲು ಎತ್ತಿದ.

ಟೇಪು ಹಾಕುತ್ತಾರೆ. ಅವನು ಕೇಳುತ್ತಾನೆ, ಅಕ್ಕಾ ರೆಡಿನಾ ಅಂತ. ಇಷ್ಟು ವರ್ಷ ಎಲ್ಲರೂ ಅವನ ಬಾಯಿ ಮುಚ್ಚಿಸಿದ್ದು ಸಾಕು. ಈ ಸಲ ನಾನು ಬಾಯಿ ಮುಚ್ಚು ಅನ್ನುವುದಿಲ್ಲ. ಈ ಸಲ—